ಬಿಲ್ಲೆಯಮ್ಮನ ಸುತ್ತು

ಆ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಬರುವ ಹೆಂಗಸರೆಲ್ಲ ಮೊದಲು ಹೇಳುವುದು ಸುಳ್ಳು. ಸೊಂಟ ನೋವು ಅನ್ನುತ್ತಾರೆ, ಮಂಡಿ ನೋವು ಅನ್ನುತ್ತಾರೆ, ಒಬ್ಬಳಂತೂ ಗಾಬರಿಗೆ ಕಿವಿನೋವು ಅಂದುಬಿಟ್ಟಿದ್ದಳು. ಬಾಗಿಲ ಬಳಿ ಚೀಟಿ ಬರೆಯುವ ಹೆಂಗಸು ಇಂಥವರನ್ನು ಎಷ್ಟು ನೋಡಿಲ್ಲ. ಕಣ್ಣೆತ್ತದೆ ಸೊಂಟ ಎಂದೇ ಬರೆದುಕೊಂಡು ಒಳಗೆ ಕಳಿಸುತ್ತಾಳೆ. ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ನಿಜ ಹೊರಬೀಳುತ್ತದೆ. ಸೀನಿದರೆ ಹನಿಯುತ್ತದೆ, ಕೂತರೆ ಚುಚ್ಚುತ್ತದೆ, ಗಂಡ ಹತ್ತಿರ ಬಂದರೆ ಜೀವ ಹೋದಂತಾಗುತ್ತದೆ, ಅರ್ಧ ಗಂಟೆ ಕೂತರೂ ಪೂರ್ತಿ ಖಾಲಿಯಾಗುವುದಿಲ್ಲ.

ಒಳಗೆ ಕೂತು ಇದನ್ನೆಲ್ಲ ಕೇಳುವವಳು ಫಿಸಿಯೋಥೆರಪಿಸ್ಟ್. ತಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಎಲ್ಲರೂ ಅವಳನ್ನು ಡಾಕ್ಟರಮ್ಮ ಅಂತಲೇ ಕರೆಯುವುದು, ನಾವೂ ಹಾಗೇ ಕರೆಯೋಣ. ಬಂದವರಿಗೆಲ್ಲ ಅವಳು ಹೇಳುವುದು ಒಂದೇ ಮಾತು. ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಬೆನ್ನ ಕೊನೆಯ ಮೂಳೆವರೆಗೆ, ತೊಟ್ಟಿಲಿಗೆ ಬಟ್ಟೆ ಕಟ್ಟಿದ ಹಾಗೆ ಸ್ನಾಯುಗಳಿವೆ. ಬಿಗಿಯಬೇಕಾದಾಗ ಅವು ಬಿಗಿಯಬೇಕು, ಸಡಿಲಬೇಕಾದಾಗ ಸಡಿಲಬೇಕು. ಸಡಿಲವಾಗಿ ಕೆಟ್ಟವರ ವಿಷಯ ಊರಿಗೆಲ್ಲ ಗೊತ್ತು. ಬಿಗಿದು ಬಿಗಿದೇ ಕೆಟ್ಟವರೂ ಇದ್ದಾರೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಅವಳ ಬಳಿ ಒಂದು ಯಂತ್ರವಿತ್ತು. ತೊಡೆಸಂದಿಯ ಹಿಂದೆ ಎರಡು ಅಂಟುಪಟ್ಟಿ ಹಚ್ಚಿದರೆ ಒಳಗಿನ ಬಿಗಿ ಪರದೆಯ ಮೇಲೆ ಹಸಿರು ಗೆರೆಯಾಗಿ ಓಡುತ್ತದೆ. ಬಿಗಿದರೆ ಗೆರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಯಂತ್ರ ಬಂದ ದಿನ ಡಾಕ್ಟರಮ್ಮ ಮೊದಲು ತನಗೇ ಹಚ್ಚಿಕೊಂಡು ನೋಡಿದ್ದಳು. ಗೆರೆ ಏನು ಮಾಡಿದರೂ ಇಳಿಯಲಿಲ್ಲ. ಯಂತ್ರ ಕೆಟ್ಟಿದೆ ಎಂದು ಕಂಪನಿಯವನನ್ನು ಕರೆಸಿ ರೇಗಾಡಿ, ಅವನು ಏನೇನೋ ತಿರುಗಿಸಿ ಸರಿಹೋಯಿತು ಅಂದ ಮೇಲೆ, ಮತ್ತೆ ತನಗೆ ಹಚ್ಚಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ.

ಮುಳ್ಳಿನಕ್ಕ ಬಂದದ್ದು ದೊಡ್ಡಾಸ್ಪತ್ರೆಯ ಸರ್ಜನ್ನರ ಕಾಗದ ಹಿಡಿದುಕೊಂಡು. ಅರವತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ಮುಚ್ಚಿಹೋದ ಕೈಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗಡಿಯಾರಗಳಿಗೆ ಮುಳ್ಳು ಕೂರಿಸಿದವಳು, ಹಾಗಾಗಿ ಆ ಹೆಸರು. ಅವಳ ಮೂತ್ರಚೀಲ ಖಾಲಿಯೇ ಆಗುತ್ತಿರಲಿಲ್ಲ. ಹೋಗಿ ಬಂದ ಮೇಲೂ ನಾನ್ನೂರು ಮಿಲಿ ಒಳಗೇ ಉಳಿಯುತ್ತಿತ್ತು, ತುಂಬಿ ತುಳುಕಿದ್ದು ಹನಿಹನಿಯಾಗಿ ಸೋರುತ್ತಿತ್ತು. ಎರಡು ಸಲ ಸೋಂಕು ಮೂತ್ರಪಿಂಡಕ್ಕೆ ಏರಿ ಸಾಯುವುದೊಂದು ಬಾಕಿ. ದಿನಾ ತಾನೇ ಕೊಳವೆ ಹಾಕಿ ಮೂತ್ರ ತೆಗೆದುಕೊಳ್ಳೋಣವೆಂದರೆ ಆ ಕೈಗಳು ಈಗ ನಡುಗುತ್ತವೆ. ಸರ್ಜನ್ನರು ಆರು ವಾರ ಕೊಟ್ಟಿದ್ದರು. ಅಷ್ಟರಲ್ಲಿ ಉಳಿಕೆ ನೂರೈವತ್ತರ ಕೆಳಗಿಳಿದರೆ ಸರಿ, ಇಲ್ಲವಾದರೆ ಹೊಕ್ಕುಳ ಕೆಳಗೆ ತೂತು ಕೊರೆದು ಕೊಳವೆ, ಬದಿಗೊಂದು ಚೀಲ, ಬದುಕಿರುವ ತನಕ.

ಇದರ ಮೇಲೆ ಅವಳು ಮಾಡಿಕೊಂಡಿದ್ದ ಯಡವಟ್ಟು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಸೋರುತ್ತಿದೆ ಎಂದಾಗ ಸೊಸೆ ಪಾಪ, ಮೊಬೈಲಿನಲ್ಲಿ ವಿಡಿಯೋ ಹುಡುಕಿ ತೋರಿಸಿದ್ದಳು: ಹತ್ತು ಎಣಿಸುವವರೆಗೆ ಬಿಗಿಹಿಡಿ, ಬಿಡು. ಮುಳ್ಳಿನಕ್ಕ ಕೆಲಸದಲ್ಲಿ ಕಳ್ಳತನ ಗೊತ್ತಿಲ್ಲದ ಹೆಂಗಸು. ಗಡಿಯಾರ ಎದುರಿಗಿಟ್ಟುಕೊಂಡು ದಿನಕ್ಕೆ ಮುನ್ನೂರು ಸಲ, ಒಂದು ವರ್ಷ, ಚಾಚೂ ತಪ್ಪದೆ ಬಿಗಿದಿದ್ದಳು. ಬಿಡು ಅನ್ನುವುದನ್ನು ಮಾತ್ರ ಕಿವಿಗೆ ಹಾಕಿಕೊಂಡಿರಲಿಲ್ಲ.

"ಮೊದಲು ಅದನ್ನ ನಿಲ್ಲಿಸಿ. ನಿಮಗೆ ಬೇಕಾಗಿರೋದು ಹಿಡಿಯೋದಲ್ಲ, ಬಿಡೋದು," ಅಂದಳು ಡಾಕ್ಟರಮ್ಮ.

"ಬಿಡೋದು ನಮಗೆ ಯಾರೂ ಕಲಿಸಿಲ್ಲವಲ್ಲ ತಾಯಿ," ಅಂದಳು ಮುಳ್ಳಿನಕ್ಕ.

ಕಲಿಸತೊಡಗಿದಳು. ಹೊಟ್ಟೆ ಉಬ್ಬುವ ಹಾಗೆ ಉಸಿರು ತೆಗೆದುಕೊಳ್ಳುವುದು, ದವಡೆ ಸಡಿಲ ಬಿಡುವುದು, ಮಂಡಿ ಮಡಿಸಿ ದಿಂಬಿನ ಮೇಲೆ ಕಾಲು ಚೆಲ್ಲುವುದು, ಕಕ್ಕಸಿನಲ್ಲಿ ಮುಕ್ಕರಿಯದೆ ಸುಮ್ಮನೆ ಕೂರುವುದು. ಪಕ್ಕದಲ್ಲಿ ಡಾಕ್ಟರಮ್ಮ ಕೂತು ಮಾತಾಡಿಸುತ್ತಿದ್ದರೆ ಹಸಿರು ಗೆರೆ ಮೆಲ್ಲಗೆ ಇಳಿಯುತ್ತಿತ್ತು. ಸರಿ, ಇನ್ನು ಇಪ್ಪತ್ತು ನಿಮಿಷ ನೀವೇ ಅಭ್ಯಾಸ ಮಾಡಿ ಎಂದು ಬಾಗಿಲು ಮುಚ್ಚಿಕೊಂಡು ಬೇರೆ ರೋಗಿಗಳ ಕಡೆ ಹೋಗುತ್ತಿದ್ದಳು. ಹಿಂತಿರುಗಿ ಬಂದು ಯಂತ್ರ ಕಾಗದದ ಮೇಲೆ ಬರೆದಿದ್ದನ್ನು ನೋಡಿದರೆ, ನಡುವೆ ಗುಡ್ಡದಂತೆ ಎದ್ದ ಗೆರೆ.

ಮೊದಲ ಸಲ ಏನೂ ಅನಿಸಲಿಲ್ಲ. ಮೂರನೇ ಸಲ ಕೇಳಿದಳು, ಒಬ್ಬರೇ ಇದ್ದಾಗ ಏನಾಗುತ್ತದೆ ಎಂದು. ಮುಳ್ಳಿನಕ್ಕ ನಗಬೇಡಿ ಎಂದು ಮೊದಲೇ ಮಾತು ತೆಗೆದುಕೊಂಡು, ಯಾರೋ ಬಂದು ತನ್ನ ತಲೆಯ ಹಿಂದೆ ನಿಂತ ಹಾಗಾಗುತ್ತದೆ ಅಂದಳು. ಬಾಗಿಲು ತೆಗೆದ ಸದ್ದೇನೂ ಇರುವುದಿಲ್ಲ. ತಿರುಗಿ ನೋಡುವ ಧೈರ್ಯ ತನಗಿಲ್ಲ. ಡಾಕ್ಟರಮ್ಮ ಒಳಗೆ ಬಂದು ಮುಖ ತೋರಿಸಿದ ಕೂಡಲೇ ಅದು ಹೋಗಿಬಿಡುತ್ತದೆ.

ವಯಸ್ಸಾದ ಜೀವ, ಏನೋ ಭ್ರಮೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮುಳ್ಳಿನಕ್ಕನ ಬಾಯಿಂದ ಬಾಯಿಗೆ ಸುದ್ದಿ ಹರಡಿ, ಅದೇ ಕಾರ್ಖಾನೆಯ ಇನ್ನಿಬ್ಬರು ಬಂದರು. ಒಬ್ಬಳು ಚಕ್ರದ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಕಲ್ಲು ಕೂರಿಸುತ್ತಿದ್ದ ಕಲ್ಲಿನಕ್ಕ, ಇನ್ನೊಬ್ಬಳು ಗಡಿಯಾರಕ್ಕೆ ಕೈಪಟ್ಟಿ ಹಾಕುತ್ತಿದ್ದ ಪಟ್ಟಿಯಕ್ಕ. ಇಬ್ಬರದೂ ಬಿಗಿದು ಕೆಟ್ಟ ಸ್ನಾಯುಗಳೇ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು. ಒಂದು ಮಧ್ಯಾಹ್ನ ಡಾಕ್ಟರಮ್ಮ ಮೂವರ ಕಾಗದವನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಹಾಸಿದಳು. ನಾಲ್ಕನೇ ನಿಮಿಷಕ್ಕೆ ಗುಡ್ಡ, ಒಂಬತ್ತನೇ ನಿಮಿಷಕ್ಕೆ ಗುಡ್ಡ, ಹದಿನಾಲ್ಕಕ್ಕೆ ಇನ್ನೊಂದು. ಮೂರು ಕಾಗದದಲ್ಲೂ ಒಂದೇ ಜಾಗ. ಬಿಸಿಲು ಕಿಟಕಿಯಿಂದ ಮೇಜಿನ ಮೇಲೆಲ್ಲ ಚೆಲ್ಲಿತ್ತು, ಕೆಳಗೆ ರಸ್ತೆಯಲ್ಲಿ ಯಾರೋ ಹಳೇ ಪೇಪರಿಗಾಗಿ ಕೂಗುತ್ತಿದ್ದ. ಆದರೂ ಅವಳ ತೋಳಿನ ರೋಮಗಳೆಲ್ಲ ಎದ್ದು ನಿಂತವು.

ಕಂಪನಿಯವನು ಬಂದು ನೋಡಿ ಯಂತ್ರದ್ದೇನೂ ತಪ್ಪಿಲ್ಲ ಅಂದ. ಬೇರೆ ರೋಗಿಗಳ ಕಾಗದ ತೆಗೆದು ನೋಡಿದರೆ ಒಂದರಲ್ಲೂ ಗುಡ್ಡವಿಲ್ಲ. ಕಾರ್ಖಾನೆಯ ಈ ಮೂವರದಷ್ಟೇ.

ಮಾರನೇ ದಿನ ಚೀಟಿಯವಳನ್ನು ಮುಳ್ಳಿನಕ್ಕನ ಕೋಣೆಯಲ್ಲೇ ಕೂರಿಸಿ, ಕಣ್ಣು ಮಿಟುಕಿಸದೆ ನೋಡುತ್ತಿರು ಎಂದು ಹೇಳಿ, ಡಾಕ್ಟರಮ್ಮ ಹೊರಗೆ ನಿಂತಳು. ನಿಂತಳು ಅಂದರೆ ಎಲ್ಲಿ ನಿಲ್ಲುತ್ತಾಳೆ, ತಳಮಳಕ್ಕೆ ಆ ಉದ್ದನೆಯ ನಡುದಾರಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದಳು. ಇಪ್ಪತ್ತು ನಿಮಿಷವಾದ ಮೇಲೆ ಚೀಟಿಯವಳು ಬಾಗಿಲು ತೆರೆದಳು.

"ಯಾರೂ ಬರಲಿಲ್ಲ ಮೇಡಂ. ಆದ್ರೆ ಗೆರೆ ಎದ್ದೇ ಇತ್ತು, ಒಂದ್ಸಲವೂ ಇಳೀಲಿಲ್ಲ. ಅವರ ಕಾಲ್ಬೆರಳು ನೋಡಿ, ಮಡಚಿಕೊಂಡೇ ಇವೆ."

ಮಂಚದ ತಲೆಭಾಗ ನಡುದಾರಿಯ ಗೋಡೆಗೆ ತಾಗಿಕೊಂಡಿತ್ತು. ಮುಳ್ಳಿನಕ್ಕ ಕಣ್ಣು ಮುಚ್ಚಿಕೊಂಡು, ಎರಡು ಬೆರಳಿನ ನಡುವೆ ಇಲ್ಲದ ಚಿಮುಟವೊಂದನ್ನು ಹಿಡಿದುಕೊಂಡು ಮಲಗಿದ್ದಳು. ಆ ಬೆರಳು ಮಾತ್ರ ನಡುಗುತ್ತಿರಲಿಲ್ಲ.

ಅವತ್ತು ಎಬ್ಬಿಸಿ ಕೂರಿಸಿ ನೀರು ಕುಡಿಸಿದ ಮೇಲೆ ಮುಳ್ಳಿನಕ್ಕ ಹೇಳಿದಳು. ಗಡಿಯಾರ ಜೋಡಿಸುವ ಹಾಲಿಗೆ ಒಂದು ಧೂಳಿನ ಕಣವೂ ಬರುವಂತಿರಲಿಲ್ಲ. ಒಳಗೆ ಬರಬೇಕಾದರೆ ಚಪ್ಪಲಿ ಬಿಟ್ಟು, ಹಾಲಿನ ಗಟ್ಟಿ ಚಪ್ಪಲಿ ಮೆಟ್ಟಿ, ಬಿಳಿ ಕೋಟು ಟೋಪಿ ಹಾಕಿ, ಗಾಳಿ ಊದುವ ಗೂಡಿನಲ್ಲಿ ನಿಂತು ಬರಬೇಕು. ಕಕ್ಕಸು ಹೊರಗೆ. ಒಬ್ಬಳು ಹೋಗಿ ಬಂದರೆ ಕಾಲು ಗಂಟೆ ಹಾಳು. ಅದಕ್ಕೇ ನಲವತ್ತೆರಡು ಜನಕ್ಕೆ ಒಂದೇ ಒಂದು ಸ್ಟೀಲಿನ ಬಿಲ್ಲೆ. ಬಿಲ್ಲೆ ಕೈಯಲ್ಲಿದ್ದವಳಷ್ಟೇ ಹೊರಗೆ ಹೋಗಬಹುದು. ಅದು ಇರುತ್ತಿದ್ದದ್ದು ಮೇಲ್ವಿಚಾರಕಿಯ ಜೇಬಿನಲ್ಲಿ. ಆಕೆಗೆ ಬೇರೆ ಹೆಸರಿತ್ತು, ಇವರೆಲ್ಲ ಎದುರಿಗೆ ಮಿಸ್ ಅನ್ನುತ್ತಿದ್ದರು, ಹಿಂದಿನಿಂದ ಬಿಲ್ಲೆಯಮ್ಮ.

"ಬೈತಿರಲಿಲ್ಲ. ಒಂದಿನ ದನಿ ಎತ್ತಿದವರಲ್ಲ. ನಾವೆಲ್ಲ ಗೋಡೆ ಕಡೆ ಮುಖ ಮಾಡಿ, ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡು ಕೂತಿರ್ತಿದ್ವಿ. ಅವರು ಹಿಂದೆ ಸುತ್ತು ಹಾಕೋರು. ಒಂದು ಕಾಲು ಸ್ವಲ್ಪ ಎಳೆಯೋರು. ಟಕ್... ಟಕ್‌ಟಕ್. ಟಕ್... ಟಕ್‌ಟಕ್. ಬಂದು ಹಿಂದೆ ನಿಂತ್ರೆ ಉಸಿರೇ ನಿಂತುಹೋಗೋದು. ಕೊಡೋ ಮನಸ್ಸಾದ್ರೆ ಹೆಗಲ ಮೇಲಿಂದ ಬಿಲ್ಲೆ ಚಾಚಿ, ಹೋಗಿ ಬಾ, ಅನ್ನೋರು. ಇಲ್ಲಾಂದ್ರೆ ಸುಮ್ನೆ ಮುಂದಕ್ಕೆ ಹೋಗೋರು. ಕೇಳೋ ಹಾಗಿರಲಿಲ್ಲ. ಕೇಳಿದವಳಿಗೆ ಅವತ್ತು ಸಿಕ್ತಿರಲಿಲ್ಲ."

ಬಸುರಿಯಾಗಿದ್ದಾಗ ಒಂದು ದಿನ ತಡೆಯಲಾರದೆ ಕೂತ ಸ್ಟೂಲಿನ ಮೇಲೇ ಆಗಿಹೋಯಿತಂತೆ. ಒದ್ದೆಯಲ್ಲೇ ಕೂತು, ಸಂಜೆಯವರೆಗೆ ನೂರಾ ಹತ್ತು ಗಡಿಯಾರಕ್ಕೆ ಮುಳ್ಳು ಕೂರಿಸಿದಳಂತೆ. ಬಿಲ್ಲೆಯಮ್ಮ ಹಿಂದೆ ಬಂದು ನಿಂತರು, ಕೆಳಗೆ ನೆಲ ನೋಡಿರಲೇಬೇಕು, ಏನೂ ಹೇಳದೆ ಮುಂದಕ್ಕೆ ಹೋದರು. ಇದನ್ನು ಗಂಡನಿಗೂ ಹೇಳಿಲ್ಲ ತಾಯಿ, ಅಂದಳು ಮುಳ್ಳಿನಕ್ಕ. ಈಗ ಆಕೆ ಬದುಕಿದ್ದಾರೋ ಸತ್ತಿದ್ದಾರೋ ಗೊತ್ತಿಲ್ಲ, ಸತ್ತಿದ್ದರೆ ಇಲ್ಲಿಗೇ ಬಂದು ಸುತ್ತು ಹಾಕುತ್ತಿದ್ದಾರೆ ಎಂದು ನಗಲು ನೋಡಿದಳು, ನಗು ಬರಲಿಲ್ಲ.

ಡಾಕ್ಟರಮ್ಮನ ಮನೆಯ ಬೀರುವಿನ ಬೀಗದ ಕೈಗೊಂಚಲಿನಲ್ಲಿ, ನಡುವೆ ತೂತಿರುವ ಒಂದು ಸ್ಟೀಲಿನ ಬಿಲ್ಲೆ ಅವಳಿಗೆ ಬುದ್ಧಿ ಬಂದಾಗಿನಿಂದ ತೂಗುತ್ತಿತ್ತು. ಅಮ್ಮ ಗಡಿಯಾರದ ಕಾರ್ಖಾನೆಯಲ್ಲಿದ್ದದ್ದು ಅವಳಿಗೆ ಗೊತ್ತು. ಸಾವಿರಾರು ಜನ ಇದ್ದ ಕಾರ್ಖಾನೆ, ಅಮ್ಮ ಗಡಿಯಾರ ಪರೀಕ್ಷೆ ಮಾಡುತ್ತಿದ್ದೆ ಅಂದಿದ್ದಳು, ಇವಳೂ ಅಷ್ಟೇ ಅಂದುಕೊಂಡಿದ್ದಳು.

ಎಲ್ಲರೂ ಹೋದ ಮೇಲೆ ಅವಳು ಕೋಣೆಗಳ ಬಾಗಿಲು ಹಾಕಿಕೊಳ್ಳುತ್ತ ನಡುದಾರಿಯಲ್ಲಿ ಬಂದಳು. ಸಂಜೆಯ ಬೆಳಕಿನ್ನೂ ಚೆನ್ನಾಗಿತ್ತು. ಅರ್ಧ ದಾರಿಗೆ ಬಂದಾಗ ಕೇಳಿಸಿತು. ಟಕ್... ಟಕ್‌ಟಕ್. ನಿಂತಳು. ಅದೂ ನಿಂತಿತು. ಹಿಂದೆ ತಿರುಗಿ ನೋಡಿದರೆ ಖಾಲಿ ಬೆಂಚು, ಗೋಡೆಯ ಮೇಲೆ ಬೆನ್ನುಮೂಳೆಯ ಚಿತ್ರ, ಯಾರೂ ಇಲ್ಲ. ಮತ್ತೆ ಹೆಜ್ಜೆ ಇಟ್ಟಳು. ಟಕ್... ಟಕ್‌ಟಕ್. ಉಳಿದ ದಾರಿಯನ್ನು ಓಡಿ ಮೆಟ್ಟಿಲಿಳಿದಳು. ಇಳಿಯುವಷ್ಟು ಹೊತ್ತೂ ಅದು ಅವಳ ಕಾಲ ಕೆಳಗೇ ಇಳಿದುಬಂತು.

ಮನೆಯ ಬಾಗಿಲು ತೆರೆದಾಗ ಅಮ್ಮ ಎಂದಿನಂತೆ ಗಾಲಿಕುರ್ಚಿಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಸೊಂಟ ಮುರಿದು ಮೂರು ವರ್ಷ, ಅಂದಿನಿಂದ ಒಂದು ಹೆಜ್ಜೆ ಇಟ್ಟವಳಲ್ಲ. ತಿರುಗಿ ನೋಡದೆಯೇ, ಇವತ್ತು ಬೇಗ ಬಂದೆಯಲ್ಲ ಅಂದಳು. ನಾನೇ ಎಂದು ಹೇಗೆ ಗೊತ್ತಾಯಿತು ಎಂದು ಮಗಳು ಕೇಳಿದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ಇದೇನು ಕೇಳ್ತೀಯ, ನೀನು ನಡೆಯೋದು ನನ್ನ ಹಾಗೇ ಅಲ್ವಾ. ಮೂರು ವರ್ಷದವಳಿದ್ದಾಗ ನನ್ನ ಕೈ ಹಿಡ್ಕೊಂಡು ನನ್ನ ಹಾಗೇ ಕಾಲೆಳೆದು ನಡೀತಿದ್ದೆ. ಡಾಕ್ಟರಿಗೂ ತೋರಿಸಿದ್ವಿ. ಕಾಲಿಗೇನೂ ಆಗಿಲ್ಲ, ಅಮ್ಮನ್ನ ನೋಡಿ ಕಲಿತಿದೆ ಮಗು, ದೊಡ್ಡದಾದ್ಮೇಲೆ ಬಿಡುತ್ತೆ ಅಂದ್ರು. ನೋಡಿದ್ರೆ ಬಿಟ್ಟ ಹಾಗೇ ಕಾಣುತ್ತೆ. ಕೇಳಿದ್ರೆ ನೀನು ಬಿಟ್ಟೇ ಇಲ್ಲ."

ಬಾಗಿಲಿನಿಂದ ಒಳಗೆ ಬರುವವರ ನಡಿಗೆ ನೋಡಿಯೇ ಯಾವ ಸೊಂಟ, ಯಾವ ಮಂಡಿ ಎಂದು ಹೇಳಬಲ್ಲವಳು, ಹನ್ನೆರಡು ವರ್ಷದಿಂದ ಅದೇ ಕೆಲಸ ಮಾಡಿದವಳು, ತನ್ನ ನಡಿಗೆಯನ್ನು ತಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ನಾಲ್ಕು, ಒಂಬತ್ತು, ಹದಿನಾಲ್ಕು. ಒಬ್ಬರನ್ನು ಯಂತ್ರಕ್ಕೆ ಹಚ್ಚಿ ಅವಳು ತುದಿಯ ಕೋಣೆಗೆ ಹೋಗಿ ಬರುತ್ತಿದ್ದ ಹೊತ್ತುಗಳು ಅವೇ. ಸುತ್ತು ಹಾಕುತ್ತಿದ್ದವಳು ಅವಳೇ.

ಬಿಲ್ಲೆಯ ಬಗ್ಗೆ ಕೇಳಿದ್ದಕ್ಕೆ ಅಮ್ಮ ಮುಚ್ಚಿಡಲಿಲ್ಲ. ಒಂದೇ ಬಿಲ್ಲೆ ಕೊಟ್ಟವರು ಮೇಲಿನವರು, ನಲವತ್ತೆರಡು ಜನಕ್ಕೆ ಹಂಚುವ ಪಾಪ ತನ್ನ ತಲೆಗೆ ಕಟ್ಟಿದರು ಅಂದಳು. ತಾನೂ ಎಂಟು ಗಂಟೆ ಕಾಲ ಕಕ್ಕಸಿಗೆ ಹೋಗುತ್ತಿರಲಿಲ್ಲ, ಹೋದರೆ ಅಷ್ಟು ಜನರ ಮುಖ ನೋಡುವುದು ಹೇಗೆ ಅಂದಳು. ಆಮೇಲೆ ಮಗಳ ಕಡೆ ತಿರುಗಿ, ನೀನು ಎಷ್ಟು ಒಳ್ಳೇ ಮಗು, ಚಿಕ್ಕಂದಿನಲ್ಲಿ ನಾನು ಹೋಗಿ ಬಾ ಅನ್ನುವವರೆಗೆ ಕಕ್ಕಸಿನ ಬಾಗಿಲಲ್ಲೇ ನಿಂತಿರುತ್ತಿದ್ದೆ, ಒಂದಿನ ಹಟ ಮಾಡಿದವಳಲ್ಲ ಎಂದು ಅವಳ ಗಲ್ಲ ಸವರಿದಳು. ಮಗಳಿಗೆ ಅದು ನೆನಪಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದವರು ಸಂಜೆ ಆರಾದರೂ ಒಂದು ಸಲ ಕಕ್ಕಸಿಗೆ ಹೋಗುವುದಿಲ್ಲವಲ್ಲ, ನೀವು ಮನುಷ್ಯರೋ ಒಂಟೆಯೋ ಎಂದು ಚೀಟಿಯವಳು ಚುಡಾಯಿಸುತ್ತಿದ್ದದ್ದು ಮಾತ್ರ ನೆನಪಾಯಿತು.

ಆರನೇ ವಾರದ ಶುಕ್ರವಾರ. ಸರ್ಜನ್ನರು ಸೋಮವಾರ ಮಧ್ಯಾಹ್ನಕ್ಕೆ ಬರಹೇಳಿದ್ದರು. ಮುಳ್ಳಿನಕ್ಕನ ಉಳಿಕೆ ಇನ್ನೂ ಮುನ್ನೂರೆಂಬತ್ತು. ಡಾಕ್ಟರಮ್ಮ ನಡುದಾರಿಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದು ನೋಡಿದಳು. ಗೆರೆ ಎದ್ದಿತು. ಬೇಕೆಂದೇ ಕಾಲು ಸಮನಾಗಿ ಇಟ್ಟು ನಡೆದಳು. ಎದ್ದಿತು. ಎಲ್ಲ ಬಿಟ್ಟು ಕೊನೆಗೆ, ಮಾಡಬಾರದ್ದನ್ನೇ ಮಾಡಿದಳು ನೋಡಿ. ಕೈಗೊಂಚಲಿನಿಂದ ಬಿಡಿಸಿ ತಂದಿದ್ದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ಮುಳ್ಳಿನಕ್ಕನನ್ನು ಗೋಡೆಯ ಕಡೆ ಮುಖ ಮಾಡಿಸಿ ಸ್ಟೂಲಿನ ಮೇಲೆ ಕೂರಿಸಿ, ಹಿಂದಿನಿಂದ ಬಂದಳು. ಹೆಜ್ಜೆಯನ್ನು ಅದರ ಪಾಡಿಗೆ ಬಿಟ್ಟಳು. ಬಂದು ನಿಂತಳು. ಗೆರೆ ಪರದೆಯ ತುದಿ ಮುಟ್ಟಿತು. ಹೆಗಲ ಮೇಲಿನಿಂದ ಬಿಲ್ಲೆ ಚಾಚಿದಳು.

"ಹೋಗಿ ಬಾ."

ಬಾಯಿಂದ ಬಂದದ್ದು ಅಮ್ಮನ ದನಿ. ಅವಳು ಅಣಕಿಸಲು ಹೋಗಿರಲಿಲ್ಲ, ಅದೇ ಬಂತು. ಗೆರೆ ಬಾವಿಗೆ ಬಿಂದಿಗೆ ಬಿದ್ದ ಹಾಗೆ ಕೆಳಗಿಳಿದು ನೆಲ ಕಚ್ಚಿತು. ಮುಳ್ಳಿನಕ್ಕ ಬಿಲ್ಲೆ ಹಿಡಿದು ಎದ್ದು, ತಂತಿ ಬಿಡಿಸಿಕೊಂಡು, ತುದಿಯ ಕಕ್ಕಸಿಗೆ ಹೋಗಿ ಬಂದಳು. ಸ್ಕ್ಯಾನ್ ಹಿಡಿದು ನೋಡಿದರೆ ಉಳಿಕೆ ಅರವತ್ತು. ಚೀಟಿಯವಳು ಚಪ್ಪಾಳೆ ತಟ್ಟಿದಳು. ಡಾಕ್ಟರಮ್ಮನಿಗೂ ಖುಷಿಗೆ ಕಣ್ಣು ತುಂಬಿತು, ಇಲ್ಲ ಅನ್ನುವುದಿಲ್ಲ. ಆದರೆ ಮುಳ್ಳಿನಕ್ಕ ತಲೆ ತಗ್ಗಿಸಿಕೊಂಡು ಬಂದು, ಎರಡೂ ಕೈಯಿಂದ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟು, ಬಂದೆ ಮಿಸ್ ಅಂದಾಗ ಆ ಖುಷಿ ಅಲ್ಲೇ ಮುರುಟಿಕೊಂಡಿತು.

ಶನಿವಾರ ಸಂಜೆ ಸೊಸೆ ಫೋನು ಮಾಡಿದಳು. ಅತ್ತೆಗೆ ಬೆಳಗಿನಿಂದ ಒಂದು ಹನಿ ಹೋಗಿಲ್ಲ. ಮೊದಲು ಸ್ವಲ್ಪವಾದರೂ ಹೋಗುತ್ತಿತ್ತು, ಈಗ ಅದೂ ಇಲ್ಲ. ಕುರ್ಚಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದಾರೆ, ಏನು ಕೇಳಿದರೂ ಮಿಸ್ ಬರಲಿ ಅನ್ನುತ್ತಾರೆ. ಡಾಕ್ಟರಮ್ಮ ಹೋದಳು. ಮೆಟ್ಟಿಲ ಬಳಿಯಲ್ಲೇ ಅವಳ ಹೆಜ್ಜೆಗೆ ಒಳಗೆ ಮುಳ್ಳಿನಕ್ಕ ನೆಟ್ಟಗೆ ಕೂತದ್ದನ್ನು ಸೊಸೆ ನೋಡಿದಳಂತೆ. ಇವಳು ಹೋಗಿ ಬಾ ಅಂದಳು, ಮುಳ್ಳಿನಕ್ಕ ಕಕ್ಕಸಿಗೆ ಹೋಗಿ ಬಂದಳು. ಭಾನುವಾರ ಮೂರು ಸಲ ಹೋಗಿ ಮೂರು ಸಲ ಅಂದಳು. ಅಷ್ಟರಲ್ಲಿ ಕಲ್ಲಿನಕ್ಕನೂ ಪಟ್ಟಿಯಕ್ಕನೂ ಸುದ್ದಿ ಕೇಳಿ ಅಲ್ಲಿಗೇ ಬಂದು, ಮಾತಿಲ್ಲದೆ ಸಾಲಾಗಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಮೂವರ ಕತ್ತನ್ನೂ ಹಿಂದಿನಿಂದ ನೋಡುತ್ತ ನಿಂತಳು ಡಾಕ್ಟರಮ್ಮ. ಕೊಳವೆ ತಪ್ಪಿಸಲು ಹೋಗಿ ಅವಳು ಬಿಲ್ಲೆಯಮ್ಮನಾಗಿದ್ದಳು. ಸರ್ಜನ್ನರ ಮುಂದೆ ಸಂಖ್ಯೆ ಸರಿಯಿರಬಹುದು, ಆದರೆ ಇವಳಿಲ್ಲದೆ ಅವರಿಗೆ ಒಂದು ಹನಿಯೂ ಇಲ್ಲ. ಇವಳು ಸತ್ತರೆ?

ಸೋಮವಾರ ಬೆಳಿಗ್ಗೆ ಮುಳ್ಳಿನಕ್ಕ ಬಂದ ಕೂಡಲೇ ಡಾಕ್ಟರಮ್ಮ ಬಾಗಿಲು ಹಾಕಿ, ಎದುರಿಗೆ ಕೂತು ಹೇಳಿಬಿಟ್ಟಳು.

"ಬಿಲ್ಲೆಯಮ್ಮ ನಮ್ಮಮ್ಮ. ನಾನು ಅವರ ಮಗಳು. ಹಿಂದೆ ಓಡಾಡ್ತಿದ್ದದ್ದು ನಾನೇ. ನಾನು ತಪ್ಪು ಮಾಡಿದೆ ಅಕ್ಕ, ಇನ್ನು ಆ ಮಾತು ಹೇಳಲ್ಲ."

ಮುಳ್ಳಿನಕ್ಕ ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದಳು ಇವಳು.

"ಗೊತ್ತು. ಮೈಗೆ ಮೊದಲನೇ ದಿನವೇ ಗೊತ್ತಾಗಿತ್ತು. ತಲೆಗೆ ಗೊತ್ತಾಗಿದ್ದು ಶುಕ್ರವಾರ," ಅಂದಳು ಅವಳು. ಆಮೇಲೆ ಮಂಚ ತೋರಿಸಿ, "ಆರು ವಾರದಿಂದ ನೀವು ನನ್ನ ಗೆರೆ ನೋಡಿದ್ರಿ. ಇವತ್ತು ನೀವು ಮಲ್ಕೊಳ್ಳಿ. ನಾನು ಸುತ್ತು ಹಾಕ್ತೀನಿ. ಒಂದ್ಸಲ ಆ ಕಡೆಯಿಂದ ನೋಡ್ಬೇಕು ಅನ್ನಿಸ್ತಿದೆ, ಅಷ್ಟೇ."

ಇದು ಯಾವ ಪುಸ್ತಕದಲ್ಲೂ ಇಲ್ಲದ ಚಿಕಿತ್ಸೆ. ಆದರೆ ಪುಸ್ತಕದಲ್ಲಿದ್ದದ್ದೆಲ್ಲ ಮುಗಿದಿತ್ತು, ಗಂಟೆ ಹತ್ತಾಗಿತ್ತು. ಡಾಕ್ಟರಮ್ಮ ಅಂಟುಪಟ್ಟಿ ತಾನೇ ಹಚ್ಚಿಕೊಂಡು, ಬಿಲ್ಲೆಯನ್ನು ಮುಳ್ಳಿನಕ್ಕನಿಗೆ ಕೊಡಲು ಹೋದಳು. ಅದನ್ನು ನೀವೇ ಇಟ್ಟುಕೊಳ್ಳಿ, ನನಗ್ಯಾಕೆ, ಅಂದಳು ಅವಳು. ಡಾಕ್ಟರಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಮಲಗಿದಳು. ಮುಳ್ಳಿನಕ್ಕ ಬಾಗಿಲು ಓರೆ ಮಾಡಿ ಹೊರಗೆ ಹೋದಳು. ಪರದೆಯ ಮೇಲೆ ಹಸಿರು ಗೆರೆ ಅರ್ಧದ ಮೇಲೆಯೇ ಓಡತೊಡಗಿತು. ಉಸಿರು ಬಿಟ್ಟಳು, ದವಡೆ ಸಡಿಲಿಸಿದಳು, ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದನ್ನೆಲ್ಲ ಮಾಡಿದಳು. ಗೆರೆ ಇಳಿಯಲಿಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡಳು, ಕೆಟ್ಟಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಗೋಡೆಯ ಆ ಕಡೆ ದೂರದಲ್ಲಿ ಶುರುವಾಯಿತು. ಟಕ್... ಟಕ್‌ಟಕ್. ಇಪ್ಪತ್ತೆಂಟು ವರ್ಷ ಕೇಳಿದ್ದವಳು, ಒಂದು ಚೂರೂ ತಪ್ಪಿಲ್ಲದೆ ನಡೆಯುತ್ತಿದ್ದಳು. ಟಕ್... ಟಕ್‌ಟಕ್. ಹತ್ತಿರವಾಯಿತು. ಬಾಗಿಲು ತೆರೆದ ಸದ್ದಾಗಲಿಲ್ಲ, ಆದರೆ ತಲೆಯ ಹಿಂದೆ ಯಾರೋ ಬಂದು ನಿಂತದ್ದು ತಿಳಿಯಿತು. ತಿರುಗಿ ನೋಡುವ ಧೈರ್ಯ ಅವಳಿಗೂ ಬರಲಿಲ್ಲ. ಮಂಚದ ಮೇಲಿದ್ದ ಹೆಂಗಸು ಎಲ್ಲೋ ಹೋಗಿ, ಬಾಗಿಲಲ್ಲಿ ಕಾಲಿಗೆ ಕಾಲು ಒತ್ತಿಕೊಂಡು ನಿಂತ ಒಂದು ಹುಡುಗಿ ಉಳಿದಳು. ಗೆರೆ ಪರದೆಯ ತುದಿಗೆ ಹೋಗಿ ಅಂಟಿಕೊಂಡಿತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವಳು ಕಾದಳು.

ಹಿಂದೆ ಒಂದು ಸಣ್ಣ ನಗು ಕೇಳಿಸಿತು.

"ಇಷ್ಟೇನಾ," ಅಂದಳು ಮುಳ್ಳಿನಕ್ಕ, ಯಾರಿಗೂ ಅಲ್ಲ ಎಂಬಂತೆ. "ಇಲ್ಲಿ ನಿಂತ್ರೆ ಬರೀ ಕತ್ತು ಕಾಣ್ಸುತ್ತೆ ಅಷ್ಟೇನಾ."

ಆಮೇಲೆ ಹೆಜ್ಜೆಗಳು ದೂರವಾದವು. ಟಕ್‌ಟಕ್ ಅಲ್ಲ. ಚಪ್ಪಲಿ ಹಿಮ್ಮಡಿಗೆ ಬಡಿಯುವ, ಅವಳದೇ ಆದ ಚಟಪಟ ನಡಿಗೆ. ನಡುದಾರಿಯ ತುದಿಯಲ್ಲಿ ಕಕ್ಕಸಿನ ಬಾಗಿಲು ತೆರೆಯಿತು, ಚಿಲಕ ಹಾಕಿದ ಸದ್ದೂ ಇಲ್ಲ. ಒಂದು ಕ್ಷಣ ಏನೂ ಇಲ್ಲ. ಮತ್ತೆ ನೀರಿನ ಸದ್ದು, ತಡೆಯಿಲ್ಲದೆ, ಧಾರಾಕಾರವಾಗಿ, ನಿಲ್ಲುವಂತೆಯೇ ಇಲ್ಲ. ಯಾರನ್ನೂ ಕೇಳಿರಲಿಲ್ಲ ಅವಳು, ಯಾರಿಗಾಗಿಯೂ ಕಾದಿರಲಿಲ್ಲ. ಕಿವಿಯಲ್ಲೇ ಅಳತೆ ಗೊತ್ತಿದ್ದ ಡಾಕ್ಟರಮ್ಮನಿಗೆ ಸ್ಕ್ಯಾನ್ ಬೇಕಿರಲಿಲ್ಲ. ಕೊಳವೆ ತಪ್ಪಿತ್ತು.

"ಮೇಡಂ, ಆಯ್ತು," ಎಂದು ಮುಳ್ಳಿನಕ್ಕ ಅಲ್ಲಿಂದಲೇ ಕೂಗಿದಳು. ಚೀಟಿಯವಳು ಏನೋ ಅಂದಳು, ಇಬ್ಬರೂ ನಕ್ಕರು. ಬನ್ನಿ ಮೇಡಂ, ಸ್ಕ್ಯಾನ್ ನೋಡಿ, ಸರ್ಜನ್ನರ ಹತ್ತಿರ ಹೊತ್ತಾಗುತ್ತದೆ ಎಂದು ಇನ್ನೊಮ್ಮೆ ಕರೆದರು. ಬೆಳಗಿನ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಏಳಬೇಕು ಅಂದುಕೊಂಡಳು ಡಾಕ್ಟರಮ್ಮ. ಪರದೆಯ ಮೇಲೆ ಗೆರೆ ಇನ್ನೂ ತುದಿಯಲ್ಲೇ ಇತ್ತು. ಬಿಲ್ಲೆ ಅವಳ ಮುಷ್ಟಿಯಲ್ಲೇ ಇತ್ತು, ಬೆವರಿಗೆ ಬೆಚ್ಚಗಾಗಿ. ಆದರೂ ಯಾರಾದರೂ ಹಿಂದೆ ಬಂದು ಹೋಗಿ ಬಾ ಅನ್ನಲಿ ಎಂದು ಅವಳು ಅಲುಗಾಡದೆ ಕಾಯುತ್ತ ಮಲಗಿದ್ದಳು.